ಕಾಪರ್ ಟಿ ದಾರ ಕಾಣಿಸದಿದ್ದಾಗ

ಸ್ತ್ರೀ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ, ತಾಮ್ರ ಸುತ್ತಿದ ಟಿ ಆಕಾರದ ಸಾಧನವೇ ಕಾಪರ್ ಟಿ. ಅದರ ದಾರ ಕೈಗೆ ಸಿಗುತ್ತಿಲ್ಲ, ಆಸ್ಪತ್ರೆಯಲ್ಲಿ ನೋಡಿದರೂ ಕಾಣಿಸಲಿಲ್ಲ ಎಂಬ ಪತ್ರಗಳು ಈಚೆಗೆ ಹೆಚ್ಚಾಗಿ ಬರುತ್ತಿವೆ. ಹೆರಿಗೆಯಾದ ಕೂಡಲೇ, ಇಲ್ಲವೆ ಸಿಸೇರಿಯನ್ ಮಾಡುವಾಗಲೇ ಕಾಪರ್ ಟಿ ಅಳವಡಿಸುವುದು ಸರ್ಕಾರಿ ಆಸ್ಪತ್ರೆಗಳಲ್ಲಿ ರೂಢಿಗೆ ಬಂದಿರುವುದರಿಂದ ಈ ಪ್ರಶ್ನೆ ಹೆಚ್ಚುವುದು ಸಹಜ. ಬಂದ ಪತ್ರಗಳಲ್ಲಿ ಐದನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಮೂರು ವರ್ಷದ ಹಿಂದೆ ಸಿಸೇರಿಯನ್ ಆದಾಗಲೇ ಕಾಪರ್ ಟಿ ಹಾಕಿದ್ದರು. ನೋವು ತಿನ್ನುತ್ತಿದ್ದ ಹೊತ್ತಿನಲ್ಲಿ ಏನೋ ಸಹಿ ಹಾಕಿಸಿಕೊಂಡರು, ಸರಿಯಾಗಿ ಹೇಳಿದ ನೆನಪಿಲ್ಲ. ಈಗ ಎರಡನೆಯ ಮಗು ಬೇಕೆಂದು ತೆಗೆಸಲು ಹೋದರೆ ದಾರವೇ ಇಲ್ಲ ಎಂದರು. ಒಳಗೆ ಉಪಕರಣ ಹಾಕಿ ಬಹಳ ಹೊತ್ತು ಹುಡುಕಿದರು. ಜೀವ ಹೋಗುವಷ್ಟು ನೋವಾಯಿತು, ಸಿಗಲಿಲ್ಲ. ಸ್ಕ್ಯಾನಿಂಗ್ ಮಾಡಿಲ್ಲ. ಅದು ಎದೆಗೆ ಏರಿಬಿಡುತ್ತದೆ ಎಂದು ಅತ್ತೆ ಹೇಳುತ್ತಾರೆ. ಹೊಟ್ಟೆ ಕೊಯ್ದೇ ತೆಗೆಯಬೇಕೇ? ಮುಂದೆ ಮಕ್ಕಳಾಗುತ್ತವೆಯೇ? (ದಾವಣಗೆರೆ ಜಿಲ್ಲೆ)

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತಿಗೇ ಉತ್ತರ ಹೇಳುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಎಂದು ಪತ್ರದಿಂದ ತಿಳಿಯುತ್ತದೆ. ಕಾಪರ್ ಟಿ ಗರ್ಭಕೋಶದಿಂದ ಎದೆಗಾಗಲಿ ತಲೆಗಾಗಲಿ ಹೋಗುವುದಿಲ್ಲ. ಗರ್ಭಕೋಶದ ಗೋಡೆಯನ್ನು ತೂರಿ ಹೊರಬಂದ ಅಪರೂಪದ ಸಂದರ್ಭದಲ್ಲಿಯೂ ಅದು ಕಿಬ್ಬೊಟ್ಟೆಯ ಆಸುಪಾಸಿನಲ್ಲಿ, ಕರುಳಿನ ಮೇಲಿನ ಕೊಬ್ಬಿನ ಪದರದಲ್ಲೋ ಗರ್ಭಕೋಶದ ಹಿಂದೆಯೋ ಸಿಕ್ಕಿಕೊಂಡಿರುತ್ತದೆ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಯೋಚಿಸಬೇಕಾದ ಕಾರಣವೂ ಸದ್ಯಕ್ಕೆ ಕಾಣುತ್ತಿಲ್ಲ.

ಸಿಸೇರಿಯನ್ ಮಾಡುವಾಗ ಕಾಪರ್ ಟಿಯನ್ನು ಗರ್ಭಕೋಶದ ಮೇಲ್ತುದಿಯಲ್ಲಿ ಕೈಯಿಂದಲೇ ಕೂರಿಸಿ, ಅದರ ಎರಡು ದಾರಗಳನ್ನು ಗರ್ಭಕೋಶದ ಕೊರಳಿನ ಕಡೆಗೆ ಇಳಿಬಿಟ್ಟು ಹೊಲಿಗೆ ಹಾಕುತ್ತಾರೆ. ಆಗ ಗರ್ಭಕೋಶ ಬಹಳ ದೊಡ್ಡದಾಗಿರುವುದರಿಂದ ದಾರದ ತುದಿ ಹೊರಗೆ ಬಂದಿರುವುದಿಲ್ಲ. ಮುಂದಿನ ಆರು ವಾರಗಳಲ್ಲಿ ಗರ್ಭಕೋಶ ಕುಗ್ಗುತ್ತಾ ಬಂದಂತೆ ಅನೇಕರಲ್ಲಿ ದಾರ ತಾನಾಗಿ ಯೋನಿಗೆ ಇಳಿಯುತ್ತದೆ. ಇನ್ನು ಅನೇಕರಲ್ಲಿ ಅದು ಒಳಗೇ ಸುರುಳಿ ಸುತ್ತಿಕೊಂಡು ಉಳಿದುಬಿಡುತ್ತದೆ. ನಿಮ್ಮದು ಹೀಗೇ ಆಗಿರುವ ಸಾಧ್ಯತೆ ಹೆಚ್ಚು. ಬೇರೆಯವರಲ್ಲಿಯೂ ದಾರವನ್ನು ತೀರ ಗಿಡ್ಡವಾಗಿ ಕತ್ತರಿಸಿದಾಗ, ಕಾಪರ್ ಟಿ ಒಳಗೆ ಸ್ವಲ್ಪ ತಿರುಗಿಕೊಂಡಾಗ, ಗರ್ಭಕೋಶದಲ್ಲಿ ಗಡ್ಡೆ ಬೆಳೆದಾಗ ದಾರ ಮೇಲೆ ಸರಿಯುತ್ತದೆ. ಆದರೂ "ಒಳಗೇ ಇರಬೇಕು" ಎಂದು ಊಹೆಯ ಮೇಲೆ ನಿಲ್ಲುವಂತಿಲ್ಲ. ದಾರ ಕಾಣದಿರುವುದಕ್ಕೆ ಇನ್ನೂ ಮೂರು ಕಾರಣಗಳಿರಬಹುದು. ಕಾಪರ್ ಟಿ ನಿಮಗೆ ತಿಳಿಯದಂತೆ ಬಿದ್ದುಹೋಗಿರಬಹುದು, ಗರ್ಭ ನಿಂತಿರಬಹುದು, ಅಥವಾ ಅದು ಗೋಡೆ ತೂರಿ ಹೊರಬಂದಿರಬಹುದು.

ಆದ್ದರಿಂದ ನೀವು ಮಾಡಿಸಬೇಕಾದ ಮೊದಲ ಕೆಲಸ ಮೂತ್ರದ ಗರ್ಭ ಪರೀಕ್ಷೆ. ಇದು ಆಶಾ ಕಾರ್ಯಕರ್ತೆಯ ಬಳಿಯೂ ಸಿಗುತ್ತದೆ. ಗರ್ಭವಿಲ್ಲ ಎಂದು ಖಚಿತವಾದ ಮೇಲೆ ವೈದ್ಯರು ಯೋನಿಯನ್ನು ಅಗಲಿಸಿ ನೋಡುವ ಸ್ಪೆಕ್ಯುಲಮ್ ಎಂಬ ಉಪಕರಣ ಇಟ್ಟು ಗರ್ಭಕೋಶದ ಕೊರಳನ್ನು ಒಳ್ಳೆಯ ಬೆಳಕಿನಲ್ಲಿ ನೋಡುತ್ತಾರೆ. ಆಮೇಲೆ ಕೊರಳಿನ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಪರೀಕ್ಷೆಗೆ ಬಳಸುವ, ಬಾಟಲಿ ತೊಳೆಯುವ ಬ್ರಷ್ಷಿನ ಪುಟ್ಟ ರೂಪದಂತಿರುವ ಒಂದು ಮೃದುವಾದ ಬ್ರಷ್ಷನ್ನು ಕೊರಳಿನ ಕಾಲುವೆಯೊಳಗೆ ಸ್ವಲ್ಪ ತೂರಿಸಿ, ಒಂದೇ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ಹೊರಗೆಳೆಯುತ್ತಾರೆ. ಕಾಲುವೆಯಲ್ಲಿಯೇ ಸುತ್ತಿಕೊಂಡಿರುವ ದಾರ ಬ್ರಷ್ಷಿನ ಕೂದಲಿಗೆ ತೊಡರಿಕೊಂಡು ಎಷ್ಟೋ ಸಲ ಹೀಗೆಯೇ ಹೊರಬರುತ್ತದೆ. ಇದಕ್ಕೆ ನಿಮಿಷವೂ ಬೇಕಿಲ್ಲ, ನೋವೂ ಹೆಚ್ಚಿಲ್ಲ. ದಾರ ಸಿಕ್ಕಿತೆಂದರೆ ಅದನ್ನು ಹಿಡಿದು ಒಂದೇ ಸಮನೆ ಎಳೆದಾಗ ಕಾಪರ್ ಟಿಯ ಎರಡು ಕೈಗಳು ಮೇಲಕ್ಕೆ ಮಡಚಿಕೊಂಡು ಅದು ಹೊರಬರುತ್ತದೆ.

ಬ್ರಷ್ಷಿಗೆ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ ಸ್ಕ್ಯಾನಿಂಗ್ ಮಾಡಿಸಬೇಕು. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್‌ನಲ್ಲಿ ಕಾಪರ್ ಟಿ ಗರ್ಭಕೋಶದ ನಡುವೆ ಹೊಳೆಯುವ ಬಿಳಿಯ ಗೆರೆಯಾಗಿ, ಅದರ ಹಿಂದೆ ನೆರಳಿನೊಂದಿಗೆ, ಚೆನ್ನಾಗಿ ಕಾಣಿಸುತ್ತದೆ. ಅದು ಮೇಲ್ತುದಿಯಲ್ಲಿದೆಯೇ, ಕೆಳಗೆ ಜಾರಿದೆಯೇ, ಒಂದು ಕೈ ಗೋಡೆಯೊಳಗೆ ಹೂತುಕೊಂಡಿದೆಯೇ ಎಂಬುದೆಲ್ಲ ಅಲ್ಲಿಯೇ ತಿಳಿಯುತ್ತದೆ. ಈ ಚಿತ್ರ ಕೈಯಲ್ಲಿಲ್ಲದೆ, ಕಾಪರ್ ಟಿ ಒಳಗಿದೆಯೋ ಇಲ್ಲವೋ ಎಂದೇ ಗೊತ್ತಿಲ್ಲದೆ ಗರ್ಭಕೋಶದೊಳಗೆ ಉಪಕರಣ ಹಾಕಿ ತಡಕಾಡುವುದನ್ನು ನಾನು ಒಪ್ಪುವುದಿಲ್ಲ. ಅದರಲ್ಲಿಯೂ ಸಿಸೇರಿಯನ್ ಆದ ಗರ್ಭಕೋಶದ ಮುಂಗೋಡೆಯಲ್ಲಿ ಹಳೆಯ ಗಾಯದ ಗುರುತು ಇರುತ್ತದೆ, ಕೆಲವರಲ್ಲಿ ಗರ್ಭಕೋಶ ಹೊಟ್ಟೆಯ ಗೋಡೆಗೆ ಅಂಟಿಕೊಂಡು ಕೊರಳು ಮೇಲಕ್ಕೆ ಎಳೆದುಕೊಂಡಿರುತ್ತದೆ. ಹಾಗಿರುವಾಗ ಕುರುಡಾಗಿ ಹುಡುಕುವುದು ಸುರಕ್ಷಿತವಲ್ಲ. ನಿಮಗೆ ಅಷ್ಟು ನೋವಾದಾಗ ಅವರು ನಿಲ್ಲಿಸಬೇಕಿತ್ತು. ಮುಂದೆಯೂ ನೋವು ತಡೆಯಲಾಗದಿದ್ದರೆ "ಸಾಕು, ನಿಲ್ಲಿಸಿ" ಎನ್ನಲು ನಿಮಗೆ ಪೂರ್ಣ ಹಕ್ಕಿದೆ.

ಕಾಪರ್ ಟಿ ಗರ್ಭಕೋಶದೊಳಗೇ ಇದೆ ಎಂದಾದರೆ ಹೊಟ್ಟೆ ಕೊಯ್ಯುವ ಪ್ರಶ್ನೆಯೇ ಇಲ್ಲ. ಕೊರಳಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ತುದಿಯಲ್ಲಿ ಮಾತ್ರ ಬಾಯಿ ತೆರೆಯುವ ಸಪೂರ ಇಕ್ಕಳವನ್ನೋ ಸಣ್ಣ ಕೊಕ್ಕೆಯನ್ನೋ ಒಳಗೆ ಕಳುಹಿಸಿ, ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರವನ್ನು ಹಿಡಿದು ನೋಡುತ್ತಲೇ ಅದನ್ನು ಹಿಡಿದು ತೆಗೆಯಬಹುದು. ಅನುಭವವಿರುವವರ ಕೈಯಲ್ಲಿ ಬಹುಪಾಲು ಕಾಪರ್ ಟಿಗಳು ಹೊರರೋಗಿ ವಿಭಾಗದಲ್ಲಿಯೇ ಹೀಗೆ ಹೊರಬರುತ್ತವೆ. ಹೋಗುವ ಒಂದು ಗಂಟೆ ಮೊದಲು ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಕೇಳಿಕೊಳ್ಳಿ. ಮುಟ್ಟಿನ ಕೊನೆಯ ದಿನಗಳಲ್ಲಿ ಕೊರಳು ತುಸು ಸಡಿಲವಾಗಿರುವುದರಿಂದ ಕೆಲವು ವೈದ್ಯರು ಆ ದಿನಗಳಲ್ಲಿ ಬರಹೇಳುತ್ತಾರೆ, ಆದರೆ ಅದು ಕಡ್ಡಾಯವಲ್ಲ.

ಹೀಗೂ ಆಗದಿದ್ದರೆ, ಅಥವಾ ಕೈ ಗೋಡೆಯೊಳಗೆ ಹೂತುಕೊಂಡಿದ್ದರೆ ಹಿಸ್ಟರೊಸ್ಕೋಪಿ ಮಾಡುತ್ತಾರೆ. ಕೆಲವೇ ಮಿಲಿಮೀಟರ್ ದಪ್ಪದ ದುರ್ಬೀನನ್ನು ಯೋನಿಯ ಮೂಲಕವೇ ಗರ್ಭಕೋಶದೊಳಗೆ ಕಳುಹಿಸಿ, ಸಲೈನ್ ನೀರಿನಿಂದ ಒಳಗಿನ ಜಾಗವನ್ನು ಸ್ವಲ್ಪ ಹಿಗ್ಗಿಸಿ, ಕಣ್ಣಾರೆ ಕಂಡುಕೊಂಡು ತೆಗೆಯುವ ವಿಧಾನ ಇದು. ಇದರಲ್ಲಿ ಕೊಯ್ತವೂ ಇಲ್ಲ, ಹೊಲಿಗೆಯೂ ಇಲ್ಲ, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ನಿಮಗೆ "ದೊಡ್ಡ ಆಸ್ಪತ್ರೆಗೆ ಹೋಗಿ" ಎಂದು ಹೇಳಿದರೆ ಅದು ಈ ಸೌಲಭ್ಯಕ್ಕಾಗಿ ಇರಬಹುದು. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ಮಕ್ಕಳ ವಿಷಯದಲ್ಲಿ ನಿಶ್ಚಿಂತೆಯಿಂದಿರಿ. ಕಾಪರ್ ಟಿ ತೆಗೆದ ಕೂಡಲೇ ಗರ್ಭ ಧರಿಸುವ ಶಕ್ತಿ ಮರಳುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಸಿಸೇರಿಯನ್ ಆಗಿ ಮೂರು ವರ್ಷ ಕಳೆದಿರುವುದರಿಂದ ಅಂತರವೂ ಸಾಕಷ್ಟಿದೆ. ತೆಗೆಸುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಮಾತ್ರೆ ಆರಂಭಿಸಿದರೆ ಒಳ್ಳೆಯದು.

ನೋವು ತಿನ್ನುತ್ತಿರುವಾಗ ಸಹಿ ಹಾಕಿಸಿಕೊಂಡರು ಎಂದು ಬರೆದಿದ್ದೀರಿ. ಈ ಮಾತು ನನಗೆ ನಿಮ್ಮ ಕಾಣದ ದಾರಕ್ಕಿಂತಲೂ ಹೆಚ್ಚು ಬೇಸರ ತಂದಿತು. ಹೆರಿಗೆಯ ಸಮಯದ ಕಾಪರ್ ಟಿ ಒಳ್ಳೆಯ ಸೌಲಭ್ಯ, ಎರಡನೆಯ ಸಲ ಆಸ್ಪತ್ರೆಗೆ ಬರಲಾಗದ ಹೆಣ್ಣುಮಕ್ಕಳಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ಆದರೆ ಅದರ ಮಾತನ್ನು ಬಸಿರಿನ ತಿಂಗಳುಗಳ ತಪಾಸಣೆಯಲ್ಲಿಯೇ ಆಡಿ, ಬೇಕು ಬೇಡ ಎಂಬುದನ್ನು ಸಮಾಧಾನದಿಂದ ಕೇಳಿ, ಒಪ್ಪಿದವರಿಗೆ ಮಾತ್ರ ಹಾಕಬೇಕು. ಹಾಕಿದ ಮೇಲೆ ಯಾವ ಬಗೆಯದು, ಯಾವ ದಿನ ಹಾಕಿದ್ದು, ಯಾವಾಗ ತೆಗೆಸಬೇಕು ಎಂದು ಬರೆದ ಚೀಟಿ ಕೊಡಬೇಕು, ಆರು ವಾರಕ್ಕೆ ಕರೆದು ದಾರ ಇಳಿದಿದೆಯೇ ಎಂದು ನೋಡಬೇಕು. ಆ ಆರು ವಾರದ ತಪಾಸಣೆ ಆಗಿದ್ದಿದ್ದರೆ ಇಷ್ಟು ವರ್ಷದ ಮೇಲೆ ನೀವು ಹೀಗೆ ಬೆಚ್ಚಿಬೀಳುವ ಪ್ರಸಂಗವೇ ಬರುತ್ತಿರಲಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ ಹೆರಿಗೆಯಾಗಿ ಎರಡು ತಿಂಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಾಪರ್ ಟಿ ಹಾಕಿದರು. ಒಂದು ವರ್ಷದ ನಂತರ ದಾರ ಕಾಣದೆ ಸ್ಕ್ಯಾನಿಂಗ್ ಮಾಡಿಸಿದರೆ ಗರ್ಭಕೋಶದಲ್ಲಿ ಏನೂ ಇಲ್ಲ ಎಂದು ವರದಿ ಬಂದಿದೆ. ಹೊಲದಲ್ಲಿ ಭಾರ ಹೊತ್ತದ್ದರಿಂದ ಬಿದ್ದುಹೋಗಿರಬೇಕು ಎಂದು ಮನೆಯವರು ಅವಳನ್ನೇ ಬೈಯುತ್ತಿದ್ದಾರೆ. ವೈದ್ಯರು ಎಕ್ಸ್‌ರೇ ಮಾಡಿಸಿ ಎನ್ನುತ್ತಾರೆ. ಬಿದ್ದುಹೋದ ಮೇಲೆ ಎಕ್ಸ್‌ರೇ ಏಕೆ? (ಹಾವೇರಿ ಜಿಲ್ಲೆ)

ಉತ್ತರ: ಮನೆಯವರಿಗೆ ಮೊದಲು ಇದನ್ನು ತಿಳಿಸಿ: ಭಾರ ಹೊರುವುದರಿಂದ, ಬಗ್ಗಿ ಕಳೆ ಕೀಳುವುದರಿಂದ, ಗಾಡಿಯಲ್ಲಿ ಓಡಾಡುವುದರಿಂದ ಕಾಪರ್ ಟಿ ಬೀಳುವುದಿಲ್ಲ. ಗರ್ಭಕೋಶ ತನ್ನ ಸಂಕೋಚನದಿಂದ ಅದನ್ನು ಹೊರದೂಡುತ್ತದೆ. ಹಾಕಿದ ಮೊದಲ ವರ್ಷದಲ್ಲಿ ನೂರರಲ್ಲಿ 2ರಿಂದ 10 ಮಂದಿಗೆ ಹೀಗಾಗುವುದುಂಟು, ಅದರಲ್ಲಿಯೂ ಮೊದಲ ಕೆಲವು ತಿಂಗಳ ಮುಟ್ಟಿನ ದಿನಗಳಲ್ಲಿ. ಇದರಲ್ಲಿ ನಿಮ್ಮ ಹೆಂಡತಿಯ ತಪ್ಪು ಎಳ್ಳಷ್ಟೂ ಇಲ್ಲ.

ಆದರೆ ವೈದ್ಯರು ಹೇಳಿರುವುದು ಸರಿಯಾಗಿಯೇ ಇದೆ. ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರೆ ಮಾತು ಬೇರೆ. ಕಾಣದೆ ಇದ್ದಾಗ, ಗರ್ಭಕೋಶ ಖಾಲಿ ಎಂಬ ವರದಿಯೊಂದರಿಂದಲೇ ಬಿದ್ದುಹೋಗಿದೆ ಎಂದು ತೀರ್ಮಾನಿಸಬಾರದು. ಸ್ಕ್ಯಾನಿಂಗ್ ಗರ್ಭಕೋಶದ ಒಳಗನ್ನು ಚೆನ್ನಾಗಿ ತೋರಿಸುತ್ತದೆಯೇ ಹೊರತು ಕರುಳಿನ ಗಾಳಿಯ ನಡುವೆ ಅಡಗಿರುವ ಸಣ್ಣ ವಸ್ತುವನ್ನು ಹುಡುಕಿಕೊಡಲಾರದು. ಕಾಪರ್ ಟಿಯ ಪ್ಲಾಸ್ಟಿಕ್‌ನಲ್ಲಿ ಬೇರಿಯಂ ಸಲ್ಫೇಟ್ ಬೆರೆಸಿರುವುದೇ ಎಕ್ಸ್‌ರೇಯಲ್ಲಿ ಕಾಣಲೆಂದು, ಮೇಲಿನ ತಾಮ್ರವಂತೂ ಕಂಡೇ ಕಾಣುತ್ತದೆ. ಕೇವಲ ಸೊಂಟದ ಭಾಗವನ್ನಷ್ಟೇ ಅಲ್ಲದೆ, ವಪೆಯಿಂದ (ಎದೆ ಮತ್ತು ಹೊಟ್ಟೆಯ ನಡುವಿನ ಪರದೆ) ಸೊಂಟದ ಕೆಳಗಿನ ಮೂಳೆಯವರೆಗೆ ಇಡೀ ಹೊಟ್ಟೆ ಬರುವಂತೆ ಎಕ್ಸ್‌ರೇ ತೆಗೆಸಿ. ಮಾಡಿಸುವ ಮೊದಲು ಗರ್ಭವಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಆ ಚಿತ್ರದಲ್ಲಿಯೂ ಇಲ್ಲವೆಂದಾದರೆ ಮಾತ್ರ ಅದು ಬಿದ್ದುಹೋಗಿದೆ ಎಂದು ನಂಬಬಹುದು. ಈ ಒಂದು ಎಕ್ಸ್‌ರೇ ಮಾಡಿಸದೆ ಇನ್ನೊಂದು ಕಾಪರ್ ಟಿ ಹಾಕಿಸಿಕೊಂಡು, ಹಳೆಯದು ಹೊಟ್ಟೆಯಲ್ಲಿಯೇ ಉಳಿದದ್ದು ವರ್ಷಗಳ ಮೇಲೆ ಬೇರಾವುದೋ ಪರೀಕ್ಷೆಯಲ್ಲಿ ಗೊತ್ತಾದ ಉದಾಹರಣೆಗಳಿವೆ.

ಗೋಡೆ ತೂರುವುದು ಸಾವಿರಕ್ಕೆ ಒಂದೆರಡು ಬಾರಿ ಮಾತ್ರ ಆಗುವಂಥದ್ದು. ಅದು ಹೆಚ್ಚಾಗಿ ಹಾಕುವ ಸಮಯದಲ್ಲಿಯೇ ಆರಂಭವಾಗಿರುತ್ತದೆ. ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ, ಎದೆಹಾಲುಣಿಸುತ್ತಿರುವಾಗ ಗರ್ಭಕೋಶ ಮೆತ್ತಗಿರುವುದರಿಂದ ಆ ಸಾಧ್ಯತೆ ತುಸು ಹೆಚ್ಚು, ನಿಮ್ಮ ಹೆಂಡತಿಗೆ ಹಾಕಿದ್ದು ಅದೇ ಅವಧಿಯಲ್ಲಿ. ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಕಂಡುಬಂದರೆ, ಈಗ ನೋವಿಲ್ಲದಿದ್ದರೂ ಅದನ್ನು ಹಾಗೆಯೇ ಬಿಡುವುದು ಬೇಡ. ತಾಮ್ರ ಸುತ್ತಲಿನ ಪದರಗಳನ್ನು ಕೆರಳಿಸಿ ಕರುಳಿಗೋ ಮೂತ್ರಕೋಶಕ್ಕೋ ಅಂಟು ಹಿಡಿಸುತ್ತದೆ, ತಡವಾದಷ್ಟೂ ತೆಗೆಯುವುದು ತೊಡಕಾಗುತ್ತದೆ. ಹೊಕ್ಕುಳಿನ ಬಳಿ ಸಣ್ಣ ರಂಧ್ರ ಮಾಡಿ ನಡೆಸುವ ಲ್ಯಾಪರೊಸ್ಕೋಪಿಯಿಂದ ಇಂಥವುಗಳಲ್ಲಿ ಹೆಚ್ಚಿನವನ್ನು ತೆಗೆಯಬಹುದು. ಜ್ವರ, ತೀವ್ರ ಹೊಟ್ಟೆನೋವು, ವಾಂತಿ ಇದ್ದರೆ ದಿನ ಕಾಯದೆ ಹೋಗಬೇಕು. ಕಾಪರ್ ಟಿ ಎಲ್ಲಿದೆ ಎಂದು ಗೊತ್ತಾಗುವವರೆಗೆ ಗರ್ಭನಿರೋಧವಿಲ್ಲ ಎಂದೇ ತಿಳಿದು ನೀವು ಕಾಂಡೋಮ್ ಬಳಸಿ. ಈ ಹೊಣೆಯನ್ನಾದರೂ ನೀವು ಹೊರಬಹುದಲ್ಲವೇ?

ಪ್ರಶ್ನೆ: ಮುಟ್ಟು 12 ದಿನ ತಡವಾಗಿದೆ. ಕಾಪರ್ ಟಿ ಇರುವುದರಿಂದ ಗರ್ಭವಾಗಿರಲಾರದು ಎಂದುಕೊಂಡಿದ್ದೆ. ಈಗ ದಾರವೂ ಕೈಗೆ ಸಿಗುತ್ತಿಲ್ಲ. ಏನು ಮಾಡಲಿ? (ಬೆಂಗಳೂರು)

ಉತ್ತರ: ಈ ಸಾಲುಗಳನ್ನು ಓದಿದ ದಿನವೇ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಕಾಪರ್ ಟಿ ಬಹಳ ನಂಬಿಕೆಯ ವಿಧಾನ, ಮೊದಲ ವರ್ಷದಲ್ಲಿ ಗರ್ಭ ನಿಲ್ಲುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ. ಆದರೆ ನಿಂತಾಗ, ಗರ್ಭಕೋಶ ಹಿಗ್ಗಿ ದಾರ ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಪರೀಕ್ಷೆಯಲ್ಲಿ ಎರಡು ಗೆರೆ ಬಂದರೆ ತಡಮಾಡದೆ ಸ್ಕ್ಯಾನಿಂಗ್ ಆಗಬೇಕು. ಕಾಪರ್ ಟಿ ಇರುವಾಗ ನಿಂತ ಗರ್ಭವು ಗರ್ಭಕೋಶದ ಹೊರಗೆ ಅಂಡನಾಳದಲ್ಲಿ ಬೆಳೆಯುವ ಪ್ರಮಾಣ ಸಾಮಾನ್ಯ ಗರ್ಭಧಾರಣೆಗಿಂತ ಹೆಚ್ಚು. ನಾಳ ಒಡೆದರೆ ಜೀವಕ್ಕೇ ಅಪಾಯ. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು, ತಲೆಸುತ್ತಿ ಬೀಳುವಂತಾಗುವುದು, ಭುಜದ ತುದಿಯಲ್ಲಿ ನೋವು, ರಕ್ತಸ್ರಾವ, ಇವುಗಳಲ್ಲಿ ಯಾವುದಿದ್ದರೂ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ.

ಗರ್ಭ ಗರ್ಭಕೋಶದಲ್ಲಿಯೇ ಇದ್ದರೆ ತೀರ್ಮಾನ ನಿಮ್ಮದು. ಮುಂದುವರಿಸಬೇಕೆಂದಿದ್ದು, ದಾರ ಕಾಣಿಸುತ್ತಿದ್ದರೆ ಆರಂಭದಲ್ಲಿಯೇ ಕಾಪರ್ ಟಿಯನ್ನು ಮೆಲ್ಲಗೆ ತೆಗೆಯುವುದು ಉತ್ತಮ, ಉಳಿಸಿಕೊಂಡರೆ ಗರ್ಭಪಾತ, ಸೋಂಕು, ಅವಧಿಗೆ ಮುಂಚಿನ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ. ತೆಗೆಯುವಾಗಲೂ ಗರ್ಭ ಹೋಗುವ ಸಣ್ಣ ಅಪಾಯವಿದೆ ಎಂಬುದು ತಿಳಿದಿರಲಿ. ದಾರ ಕಾಣದಿದ್ದರೆ ಒಳಗೆ ಉಪಕರಣ ಹಾಕಿ ಹುಡುಕಲು ಬಿಡಬೇಡಿ, ಅನುಭವಿ ತಜ್ಞರ ಬಳಿ ಸ್ಕ್ಯಾನಿಂಗ್ ನೋಡಿಸಿ ಮುಂದಿನದನ್ನು ನಿರ್ಧರಿಸಿ. ತಾಮ್ರದಿಂದ ಮಗುವಿಗೆ ಅಂಗವೈಕಲ್ಯ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಹೆರಿಗೆಯಲ್ಲಿ ಮಾಸಿನೊಂದಿಗೆ ಅದು ಹೊರಬಂದಿತೇ ಎಂದು ನೋಡಲು ಹೇಳಿ, ಬರದಿದ್ದರೆ ಆಮೇಲೆ ಎಕ್ಸ್‌ರೇ ಆಗಬೇಕು. ಗರ್ಭ ಬೇಡವೆಂದಾದರೆ, 2021ರ ತಿದ್ದುಪಡಿಯ ನಂತರದ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ ಗರ್ಭನಿರೋಧಕ ವಿಫಲವಾಯಿತು ಎಂಬ ಕಾರಣದ ಮೇಲೆ, ಮದುವೆಯಾಗಿರಲಿ ಬಿಡಲಿ, 20 ವಾರಗಳವರೆಗೆ ಕಾನೂನುಬದ್ಧವಾಗಿ ತೆಗೆಸಿಕೊಳ್ಳಬಹುದು. ಮಾತ್ರೆಗಳನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಗರ್ಭ ನಾಳದಲ್ಲಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ಕಾಪರ್ ಟಿಯನ್ನಂತೂ ಮೊದಲೇ ತೆಗೆದಿರಬೇಕು.

ಪ್ರಶ್ನೆ: ನನಗೆ 54 ವರ್ಷ, ಮುಟ್ಟು ನಿಂತು ಮೂರು ವರ್ಷವಾಯಿತು. 17 ವರ್ಷದ ಹಿಂದೆ ಹಾಕಿಸಿದ ಕಾಪರ್ ಟಿ ಇನ್ನೂ ಒಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿಯಿತು. ದಾರ ಕಾಣುತ್ತಿಲ್ಲ. ತೊಂದರೆಯೇನೂ ಇಲ್ಲವಾದ್ದರಿಂದ ಬಿಟ್ಟುಬಿಡಲೇ? ನನ್ನ ಸೋದರತ್ತೆ ಹಿಂದಿನ ಕಾಲದ ಲೂಪ್ ಹಾಕಿಸಿಕೊಂಡು ಕೊನೆಯವರೆಗೂ ತೆಗೆಸಲಿಲ್ಲ. (ಮೈಸೂರು)

ಉತ್ತರ: ನಿಮ್ಮ ಸೋದರತ್ತೆಯವರದು ಲಿಪ್ಪೆಸ್ ಲೂಪ್ ಇದ್ದೀತು. 1965ರಿಂದ ನಮ್ಮ ದೇಶದ ಕುಟುಂಬ ಯೋಜನೆಯಲ್ಲಿ ಅದನ್ನೇ ಹಾಕುತ್ತಿದ್ದರು. ಊರ ಕಡೆ ಹಿರಿಯರು ವಂಕಿ ಎನ್ನುತ್ತಿದ್ದ ಆ ಸಾಧನ ಬರಿಯ ಪ್ಲಾಸ್ಟಿಕ್ಕಿನದು, ಮುಗಿದುಹೋಗಲು ಅದರಲ್ಲಿ ತಾಮ್ರವಿರಲಿಲ್ಲ. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುವ ಕಾಪರ್ ಟಿ 380ಎ 10 ವರ್ಷಕ್ಕೂ, 375 ಎಂಬುದು 5 ವರ್ಷಕ್ಕೂ ಇರುವಂಥವು.

ತೆಗೆಸಿಬಿಡಿ ಎಂಬುದೇ ನನ್ನ ಸಲಹೆ. ಐವತ್ತು ದಾಟಿದವರಲ್ಲಿ ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಅದರಿಂದ ಪ್ರಯೋಜನವಿಲ್ಲ, ಮರೆತು ಬಿಟ್ಟ ಕಾಪರ್ ಟಿಯ ಸುತ್ತ ನಿಧಾನವಾದ ಸೋಂಕು ಬೆಳೆಯುವುದುಂಟು. ಆದರೆ ಇದು ಅವಸರದ ಕೆಲಸವಲ್ಲ. ಈ ವಯಸ್ಸಿನಲ್ಲಿ ಗರ್ಭಕೋಶ ಕುಗ್ಗಿ ಕೊರಳು ಬಿಗಿಯಾಗಿರುವುದರಿಂದ ಒರಟಾಗಿ ಎಳೆದರೆ ದಾರವೋ ಕೈಯೋ ಮುರಿದು ಒಳಗುಳಿಯಬಹುದು. ತೆಗೆಯುವ ಕೆಲವು ವಾರ ಮೊದಲು ಯೋನಿಗೆ ಹಚ್ಚುವ ಈಸ್ಟ್ರೊಜನ್ ಕ್ರೀಮ್ ಕೊಟ್ಟು ಮೆದುಗೊಳಿಸುವುದುಂಟು. ನಿಮಗೆ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನು ಮೊದಲೇ ತಿಳಿಸಿ. ಹಿಸ್ಟರೊಸ್ಕೋಪಿ ಬೇಕು ಎಂದರೆ ಹೆದರಬೇಡಿ, ನಿಮ್ಮಂಥವರಿಗೆ ಅದೇ ಮೃದುವಾದ ದಾರಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮುಟ್ಟು ನಿಂತ ಮೇಲೆ ಒಂದು ತೊಟ್ಟು ರಕ್ತ ಕಂಡರೂ "ಹಳೆಯ ಕಾಪರ್ ಟಿಯದೇ ಇರಬೇಕು" ಎಂದು ಸುಮ್ಮನಾಗಬೇಡಿ. ಗರ್ಭಕೋಶದ ಒಳಪದರವನ್ನು ಪರೀಕ್ಷಿಸಿ ಕ್ಯಾನ್ಸರ್ ಇಲ್ಲವೆಂದು ತಿಳಿದುಕೊಳ್ಳುವವರೆಗೆ ಆ ಮಾತಿಗೆ ಬೆಲೆಯಿಲ್ಲ.

ಪ್ರಶ್ನೆ: ಕಾಪರ್ ಟಿ 380ಎ ಹಾಕಿಸಿ ನಾಲ್ಕು ವರ್ಷವಾಯಿತು. ದಾರ ಕಾಣುವುದಿಲ್ಲ, ಆದರೆ ಸ್ಕ್ಯಾನಿಂಗ್‌ನಲ್ಲಿ ಸರಿಯಾದ ಜಾಗದಲ್ಲಿದೆ. ನನಗೆ ಸದ್ಯ ಮಕ್ಕಳು ಬೇಡ. ದಾರವಿಲ್ಲ ಎಂಬ ಕಾರಣಕ್ಕೇ ತೆಗೆಸಬೇಕೇ? (ಉಡುಪಿ)

ಉತ್ತರ: ಬೇಕಿಲ್ಲ. ದಾರವು ಕಾಪರ್ ಟಿಯನ್ನು ತೆಗೆಯುವ ಅನುಕೂಲಕ್ಕಾಗಿ, ಅದು ಒಳಗಿದೆಯೇ ಎಂದು ನೋಡಿಕೊಳ್ಳಲಿಕ್ಕಾಗಿ ಇರುವುದೇ ಹೊರತು ಗರ್ಭ ತಡೆಯುವುದರಲ್ಲಿ ಅದರ ಪಾಲಿಲ್ಲ. ಸರಿಯಾದ ಜಾಗದಲ್ಲಿದ್ದು, ಅವಧಿ ಇನ್ನೂ ಇದ್ದು, ನಿಮಗೆ ತೊಂದರೆಯಿಲ್ಲದಿದ್ದರೆ ಹಾಗೆಯೇ ಮುಂದುವರಿಸಿ. ದಾರ ಮುಟ್ಟಿ ನೋಡಿಕೊಳ್ಳಲಾಗದ ಕಾರಣ ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಸಾಕು. ಮುಟ್ಟು ತಪ್ಪಿದರೆ, ಸ್ರಾವ ಏಕಾಏಕಿ ಹೆಚ್ಚಿದರೆ, ಜ್ವರದೊಂದಿಗೆ ಕಿಬ್ಬೊಟ್ಟೆ ನೋವು ಅಥವಾ ವಾಸನೆಯ ಬಿಳುಪು ಬಂದರೆ ಮಾತ್ರ ನಡುವೆಯೇ ಹೋಗಬೇಕು. ಮುಂದೆ ತೆಗೆಸುವಾಗ ಗರ್ಭ ಬೇಡವೆಂದಿದ್ದರೆ, ಅದಕ್ಕೆ ಏಳು ದಿನ ಮೊದಲಿನಿಂದಲೇ ಕಾಂಡೋಮ್ ಬಳಸಿ, ಏಕೆಂದರೆ ಹಿಂದಿನ ದಿನಗಳ ವೀರ್ಯಾಣು ಒಳಗೆ ಬದುಕಿದ್ದು, ಕಾಪರ್ ಟಿ ತೆಗೆದ ದಿನವೇ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ಹಾಕಿದ ದಿನಾಂಕ ಬರೆದ ಚೀಟಿ ಕಳೆದುಹೋಗಿದ್ದರೆ, ಹಾಕಿಸಿದ ಆಸ್ಪತ್ರೆಯ ದಾಖಲೆ ಪುಸ್ತಕದಿಂದ ಅದನ್ನು ಬರೆಸಿಕೊಂಡು, ಈ ಸ್ಕ್ಯಾನಿಂಗ್ ವರದಿಯ ಜೊತೆಗೇ ಇಟ್ಟುಕೊಳ್ಳಿ.